ಮೂರನೆಯ ಮಹಡಿಯ ಗಾಶೆ

ಗಾಶೆ ಎಂಬುದು ಅವರ ಹೆಸರಲ್ಲ. ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ತಮಗಿಂತ ಹಿರಿಯರಾದ ಗಂಡಸರನ್ನು ಹಾಗೆ ಕರೆಯುತ್ತಾರೆ, ನಮ್ಮ ವಿಜಾಪುರದ ಕಡೆ ಕಾಕಾ ಅನ್ನುವ ಹಾಗೆ. ನಿಜವಾದ ಹೆಸರು ಕೆಳಗಿನ ಟಪಾಲು ಡಬ್ಬಿಯ ಮೇಲಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅವರ ದೇಶದವರು ಒಬ್ಬರ ಹೆಸರು ಕೇಳಿದ ಕೂಡಲೇ ಇವನು ಯಾವ ಜನದವನು, ಯಾವ ದೇವರಿಗೆ ನಡೆದುಕೊಳ್ಳುವವನು ಎಂದು ಅಂದಾಜು ಕಟ್ಟುತ್ತಾರೆ. ಗಾಶೆಗೆ ಅದು ಸೇರುತ್ತಿರಲಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ನಮ್ಮ ಬಿಲ್ಡಿಂಗಿನಲ್ಲಿ ಎರಡನೆಯ ಮಹಡಿ ನಮ್ಮದು, ಮೂರನೆಯದು ಅವರದು. ಒಂಬತ್ತು ವರ್ಷ ಅವರ ಹೆಜ್ಜೆಯ ಸಪ್ಪಳ ನಮ್ಮ ತಲೆಯ ಮೇಲೆ ಓಡಾಡಿತು. ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು, ಹಾಗಾಗಿ ಅವರ ಹೆಂಡತಿ ನಡೆದದ್ದು ಯಾವುದು, ಅವರು ನಡೆದದ್ದು ಯಾವುದು ಎಂದು ಕೆಳಗೆ ಕೂತೇ ಹೇಳಬಹುದಿತ್ತು.

ಪರಿಚಯವಾದದ್ದು ಗುರೆಳ್ಳಿನಿಂದ. ಈ ಮನೆಗೆ ಬಂದು ತಿಂಗಳಾಗಿರಬೇಕು. ಶನಿವಾರ ಬೆಳಿಗ್ಗೆ ಚಟ್ನಿಪುಡಿಗೆಂದು ಗುರೆಳ್ಳು ಹುರಿಯುತ್ತಿದ್ದೆ. ಆ ವಾಸನೆ ಮೆಟ್ಟಿಲವರೆಗೂ ಹೋಗಿತ್ತು. ಬೆಲ್ ಆಯಿತು. ಹಿಂದಿನ ವಾರವಷ್ಟೇ ನೆಲಮಹಡಿಯ ಅಜ್ಜಿ ನಮ್ಮ ಒಗ್ಗರಣೆಯ ಬಗ್ಗೆ ಬಿಲ್ಡಿಂಗಿನ ಉಸ್ತುವಾರಿ ನೋಡುವ ಹೌಸ್‌ಮೈಸ್ಟರ್‌ಗೆ ದೂರು ಕೊಟ್ಟಿದ್ದಳು, ಇದೂ ಅದೇ ಅಂದುಕೊಂಡು ಕ್ಷಮೆ ಕೇಳುವ ಜರ್ಮನ್ ವಾಕ್ಯವನ್ನು ಬಾಯಲ್ಲಿ ಜೋಡಿಸಿಕೊಂಡೇ ಬಾಗಿಲು ತೆಗೆದೆ. ಎತ್ತರದ, ಬಡಕಲು ಮೈಯ ವಯಸ್ಸಾದವರೊಬ್ಬರು ಟ್ರಾಮ್ ಕಂಪನಿಯ ಸಮವಸ್ತ್ರದಲ್ಲಿ ನಿಂತಿದ್ದರು. ನೀವು ನೂಗ್ ಹುರಿಯುತ್ತಿದ್ದೀರಾ ಎಂದು ಕೇಳಿದರು. ನೂಗ್ ಏನೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಕರೆದು ಬಾಣಲೆ ತೋರಿಸಿದೆ. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಮೂಸಿ, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನಿಂತುಬಿಟ್ಟರು. ಕೆಲಸಕ್ಕೆ ಹೊತ್ತಾಗಿದ್ದರೂ ಹೊರಡಲಿಲ್ಲ.

ಅವರ ಬೆಟ್ಟಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಹೊಲವೆಲ್ಲ ನೂಗಿನ ಹಳದಿ ಹೂವಂತೆ. ಅದರ ಎಣ್ಣೆಯಲ್ಲೇ ಅಡಿಗೆ. ಜರ್ಮನಿಯಲ್ಲಿ ಇದನ್ನು ಪಂಜರದ ಹಕ್ಕಿಗೆ ಮಾರುತ್ತಾರೆ, ಮೂವತ್ತು ವರ್ಷದಲ್ಲಿ ಇದನ್ನು ಮನುಷ್ಯರು ತಿನ್ನುವುದನ್ನು ನೋಡಿದ್ದು ಇವತ್ತೇ ಎಂದರು. ಸಂಜೆ ಒಂದು ಡಬ್ಬಿ ಚಟ್ನಿಪುಡಿ ಮೇಲೆ ಕೊಟ್ಟು ಬಂದೆ. ಮರುದಿನ ಅವರ ಹೆಂಡತಿ ಅದೇ ಡಬ್ಬಿಯಲ್ಲಿ ಕಡಲೆಹಿಟ್ಟಿನ ಶಿರೊ ತುಂಬಿ ಕಳಿಸಿದರು. ನಮ್ಮ ಮನೆಯವರು ಒಂದು ತುತ್ತು ಬಾಯಿಗಿಟ್ಟು ನೋಡಿ, "ಇದು ಝುಣಕನ ಐತಿ, ಖಾರ ಒಂದಿಷ್ಟು ಬ್ಯಾರೆ" ಅಂದರು.

ಗಾಶೆಗೆ ಒಂದು ಅಭ್ಯಾಸವಿತ್ತು. ಯಾರನ್ನಾದರೂ ಹೊಸದಾಗಿ ಕಂಡರೆ ನೀವು ಯಾವ ಊರಿನವರು ಎಂದು ಕೇಳುತ್ತಿರಲಿಲ್ಲ, ನಿಮ್ಮ ಊರು ಎಷ್ಟು ಎತ್ತರದಲ್ಲಿದೆ ಎಂದು ಕೇಳುತ್ತಿದ್ದರು. ನನ್ನನ್ನೂ ಕೇಳಿದರು. ಫೋನಿನಲ್ಲಿ ಹುಡುಕಿ ಆರುನೂರು ಮೀಟರ್ ಅಂದೆ. ಹಾಗಾದರೆ ನೀವು ಕೊಲ್ಲದವರು ಅಂದರು. ನಾನು ಗಾಬರಿಯಾದೆ. ಕನ್ನಡದಲ್ಲಿ ಅದು ಅಹಿಂಸೆಯ ಮಾತಾಗುತ್ತದೆ ಎಂದು ವಿವರಿಸಿದ ಮೇಲೆ ಬಹಳ ಹೊತ್ತು ನಕ್ಕರು. ಅವರ ದೇಶದಲ್ಲಿ ಕೊಲ್ಲ ಅಂದರೆ ಬಿಸಿಲಿನ ತಗ್ಗುನಾಡು. ಅದಕ್ಕಿಂತ ಮೇಲಿನ ಹಿತವಾದ ನಾಡು ವೊಯ್ನ ದೇಗ. ಅದಕ್ಕೂ ಮೇಲೆ ಚಳಿಯ ದೇಗ. ಅವರ ಊರು ದೆಸ್ಸಿ ಎರಡೂವರೆ ಸಾವಿರ ಮೀಟರಿನಲ್ಲಿದೆ. ಊರಿನಿಂದ ಪೂರ್ವಕ್ಕೆ ಬಸ್ಸು ಹಿಡಿದರೆ ಒಂದು ದಿನದೊಳಗೆ ಸ್ವೆಟರ್, ಅಂಗಿ, ಬನಿಯನ್ ಎಲ್ಲ ಒಂದೊಂದಾಗಿ ಬಿಚ್ಚುತ್ತ ಇಳಿಯಬೇಕು. ಕೊನೆಗೆ ಅಫಾರ್ ಜನರ ಮರುಭೂಮಿ ಬರುತ್ತದೆ, ಅಲ್ಲಿಂದ ಉತ್ತರಕ್ಕೆ ಹೋದರೆ ಸಮುದ್ರಕ್ಕಿಂತ ನೂರು ಮೀಟರ್ ಕೆಳಗಿರುವ ಉಪ್ಪಿನ ನೆಲ ಎಂದು ಹೇಳುತ್ತಿದ್ದರು. ಹೇಳುವಾಗ ತೋಳು ಮಡಚಿ ಬಿಚ್ಚಿ ಬೆಟ್ಟ ಕಣಿವೆಗಳನ್ನೆಲ್ಲ ಗಾಳಿಯಲ್ಲೇ ಮಾಡಿ ತೋರಿಸುತ್ತಿದ್ದರು. ಟ್ರಾಮ್ ನಡೆಸುವವರು ಇಷ್ಟು ಚೆನ್ನಾಗಿ ಪಾಠ ಹೇಳುತ್ತಾರಲ್ಲ ಅಂದುಕೊಂಡೆ. ಅವರು ಊರಲ್ಲಿ ಹೈಸ್ಕೂಲಿನ ಭೂಗೋಳದ ಮಾಸ್ತರರಾಗಿದ್ದರು ಎಂಬುದು ಗೊತ್ತಾದದ್ದು ಮೂರು ವರ್ಷದ ಮೇಲೆ, ಮಗಳ ದೆಸೆಯಿಂದ.

ಆಗ ಅನು ನಾಲ್ಕನೆಯ ಕ್ಲಾಸು. ಒಂದು ದೇಶದ ಬಗ್ಗೆ ರೆಫೆರಾಟ್ ಮಾಡಬೇಕಿತ್ತು, ಅಂದರೆ ಕ್ಲಾಸಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು. ಮೇಲಿನ ಮನೆಯ ಅಜ್ಜನ ದೇಶ ಆರಿಸಿಕೊಂಡಳು. ಇಂಟರ್ನೆಟ್ಟಿನಿಂದ ಬಾವುಟ ತೆಗೆದಳು, ಹಸಿವಿನಿಂದ ಹೊಟ್ಟೆ ಉಬ್ಬಿದ ಮಗುವಿನ ಹಳೆಯ ಚಿತ್ರವೊಂದನ್ನು ತೆಗೆದು ಮುಖಪುಟಕ್ಕೆ ಅಂಟಿಸಿದಳು. ಅದನ್ನೇ ಹಿಡಿದುಕೊಂಡು ಮೇಲೆ ಹೋದಳು. ನಾನೂ ಹಿಂದೆ ಹೋದೆ.

ಗಾಶೆ ಆ ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವಳಿಗೆ ಹೇಳಿದರು, ಇದು ಸುಳ್ಳಲ್ಲ, ಆ ವರ್ಷಗಳಲ್ಲಿ ನಾನು ಆ ಬೆಟ್ಟದಲ್ಲೇ ಮಾಸ್ತರನಾಗಿದ್ದೆ. ಬೆಳಿಗ್ಗೆ ಹಾಜರಿ ಕೂಗುತ್ತಿದ್ದೆ. ಒಂದು ಹೆಸರಿಗೆ ಉತ್ತರ ಬರದಿದ್ದರೆ ಸ್ವಲ್ಪ ನಿಂತು ಮುಂದಿನ ಹೆಸರು ಕೂಗುತ್ತಿದ್ದೆ. ಕೊನೆಕೊನೆಗೆ ನಿಲ್ಲುವುದನ್ನೂ ಬಿಟ್ಟೆ. ಇಷ್ಟು ಹೇಳಿ ಹಾಳೆಯನ್ನು ಮಗುಚಿ ಹಾಕಿ, "ಈ ಚಿತ್ರ ಒಳಗಿರಲಿ. ಮೊದಲನೆಯ ಪುಟಕ್ಕೆ ಬೇಡ. ಮೊದಲು ನೀರು ಬರೆಯೋಣ" ಅಂದರು.

ಅಡಿಗೆಮನೆಯ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ ಹರಡಿ, ಗೆರೆಪಟ್ಟಿ ಇಲ್ಲದೆ, ನೀಲಿ ಪೆನ್ಸಿಲಿನಲ್ಲಿ ಶುರುಮಾಡಿದರು. ತಾನಾ ಎಂಬ ದೊಡ್ಡ ಸರೋವರ. ಅಲ್ಲಿಂದ ಹೊರಟ ಅಬ್ಬಾಯ್, ಅಂದರೆ ನೀಲಿ ನೈಲ್, ನೇರ ಹೋಗದೆ ದೊಡ್ಡದೊಂದು ಬಳಸು ಹೊಡೆದು ಸುಡಾನಿನತ್ತ ಇಳಿಯುತ್ತದೆ. ಆಮೇಲೆ ಆವಾಶ್ ನದಿ. ಅದನ್ನು ಬರೆಯುತ್ತ ಬರೆಯುತ್ತ ಮರುಭೂಮಿಯ ನಡುವೆ ಪೆನ್ಸಿಲ್ ಎತ್ತಿಬಿಟ್ಟರು. ಸಮುದ್ರಕ್ಕೆ ಹೋಗುವುದಿಲ್ಲವೇ ಎಂದು ಅನು ಜರ್ಮನ್‌ನಲ್ಲಿ ಕೇಳಿದಳು. ಇಲ್ಲ, ಅಲ್ಲೇ ಉಪ್ಪಿನ ಕೆರೆಗಳಲ್ಲಿ ಮುಗಿಯುತ್ತದೆ, ಸಮುದ್ರ ಅಲ್ಲಿಂದ ತೀರ ಹತ್ತಿರವಿದ್ದರೂ ಅಂದರು. ನದಿಗಳೆಲ್ಲ ಆದ ಮೇಲೆ ನದಿಗಳ ನಡುವೆ ಬೆಟ್ಟಗಳು ತಾವಾಗಿಯೇ ಎದ್ದವು. ಹೀಗೆ ನಕ್ಷೆ ಬರೆಯುವುದನ್ನು ಅವರಿಗೆ ಕಲಿಸಿದ್ದು ದೆಸ್ಸಿಯ ಶಾಲೆಗೆ ಬಂದಿದ್ದ ಒಬ್ಬ ಇಂಡಿಯನ್ ಮಾಸ್ತರಂತೆ. ಆ ಕಾಲದಲ್ಲಿ ನಮ್ಮ ದೇಶದಿಂದ ಸಾವಿರಾರು ಮಾಸ್ತರರು ಅಲ್ಲಿಗೆ ಹೋಗಿದ್ದರು. ಅವರು ಯಾವ ರಾಜ್ಯದವರು ಎಂದು ಕೇಳಿದೆ. ಅದು ಗೊತ್ತಿಲ್ಲ, ಅನ್ನಕ್ಕೆ ಮೊಸರು ಸಿಗದಿದ್ದರೆ ಆ ದಿನ ಎಲ್ಲರಿಗೂ ಹೊಡೆಯುತ್ತಿದ್ದರು ಅಂದರು.

ನಕ್ಷೆಯಲ್ಲಿ ಜನ ಎಲ್ಲಿದ್ದಾರೆ ಎಂದು ಅನು ಪಟ್ಟು ಹಿಡಿದಳು. ಅವಳು ಇಂಟರ್ನೆಟ್ಟಿನಲ್ಲಿ ನೋಡಿದ ನಕ್ಷೆಯಲ್ಲಿ ಒಂದೊಂದು ಜನಕ್ಕೆ ಒಂದೊಂದು ಬಣ್ಣವಿತ್ತು: ಒರೊಮೊ, ಅಮ್ಹಾರ, ಸೊಮಾಲಿ, ತಿಗ್ರಾಯ್, ಸಿದಾಮ, ಅಫಾರ್. ಎಂಬತ್ತಕ್ಕೂ ಹೆಚ್ಚು ಭಾಷೆ. ಗಾಶೆ ಬಣ್ಣ ಹಾಕಲು ಒಪ್ಪಲಿಲ್ಲ. ಬದಲಿಗೆ ಬಾತಿ ಎಂಬ ಊರಿನ ಸೋಮವಾರದ ಸಂತೆಯ ಬಗ್ಗೆ ಹೇಳಿದರು. ಅವರ ಅಪ್ಪ ಅಲ್ಲಿ ಬಟ್ಟೆ ಮಾರುತ್ತಿದ್ದರು. ಬಾತಿ ಇರುವುದು ಬೆಟ್ಟ ಇಳಿದು ಮರುಭೂಮಿ ಶುರುವಾಗುವ ಅಂಚಿನಲ್ಲಿ. ಕೆಳಗಿನಿಂದ ಅಫಾರ್ ಜನ ಒಂಟೆ, ಉಪ್ಪಿನ ಹಲಗೆ ತರುತ್ತಿದ್ದರು. ಸೊಂಟದಲ್ಲಿ ಬಾಗಿದ ಕತ್ತಿ, ತಲೆಗೆ ಬೆಣ್ಣೆ. ಮೇಲಿನಿಂದ ಅಮ್ಹಾರ ರೈತರು ತೆಫ್ ಕಾಳು, ಜೇನು ತರುತ್ತಿದ್ದರು. ಸುತ್ತಲ ಹಳ್ಳಿಯ ಒರೊಮೊ ಹೆಂಗಸರು ಬೆಣ್ಣೆ, ಮಡಕೆ ಹೊತ್ತು ಬರುತ್ತಿದ್ದರು. ಅಪ್ಪ ಕೂತ ಜಾಗದಲ್ಲೇ ನಾಲ್ಕು ಭಾಷೆಯಲ್ಲಿ ಚೌಕಾಸಿ ಮಾಡುತ್ತಿದ್ದರಂತೆ.

"ಆ ಸಂತೆಗೆ ಯಾವ ಬಣ್ಣ ಹಾಕ್ತೀಯ?" ಎಂದು ಅವಳನ್ನು ಕೇಳಿದರು.

ಅವಳು ಯೋಚಿಸಿ, ಕಂದು ಅಂದಳು. ಸರಿ, ಅದು ಮಣ್ಣಿನ ಬಣ್ಣ, ಹಾಕು ಅಂದರು. ರೆಫೆರಾಟ್ ದಿನ ಟೀಚರು ನಕ್ಷೆ ಚೆನ್ನಾಗಿದೆ, ಆದರೆ ಇದರಲ್ಲಿ ಗಡಿಗಳೇ ಇಲ್ಲವಲ್ಲ ಅಂದರಂತೆ. ಅದನ್ನು ಕೇಳಿ ಗಾಶೆ ಆ ವಾರವೆಲ್ಲ ಖುಷಿಯಾಗಿದ್ದರು.

ಅವರ ಮನೆಯ ಧರ್ಮ ನಮಗೆ ಅರ್ಥವಾಗಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಅಪ್ಪ ಮುಸ್ಲಿಂ, ಅಮ್ಮ ಆರ್ಥೊಡಾಕ್ಸ್ ಕ್ರಿಶ್ಚಿಯನ್. ಅವರ ಸೀಮೆಯಾದ ವೊಲ್ಲೊದಲ್ಲಿ ಇಂಥ ಮನೆಗಳು ಬೇಕಾದಷ್ಟು. ಗಾಶೆಯ ಅಕ್ಕ ಅಪ್ಪನ ದಾರಿ ಹಿಡಿದು ನಮಾಜು ಮಾಡುವವಳಾದಳು, ಇವರು ಯಾವ ದಾರಿಯನ್ನೂ ಪೂರ್ತಿ ಹಿಡಿಯಲಿಲ್ಲ. ಆದರೆ ಅಲ್ಲಿ ಒಂದು ಕಟ್ಟು ಇದೆ, ಒಬ್ಬರು ಕೊಯ್ದ ಮಾಂಸ ಇನ್ನೊಬ್ಬರು ತಿನ್ನುವುದಿಲ್ಲ. ಆದ್ದರಿಂದ ಹಬ್ಬದ ದಿನ ಅವರ ಮನೆಯಲ್ಲಿ ಎರಡು ಕೋಳಿ, ಎರಡು ಪಾತ್ರೆ, ಎರಡು ತಟ್ಟೆ. ಆರ್ಥೊಡಾಕ್ಸರು ಬುಧವಾರ, ಶುಕ್ರವಾರ, ಈಸ್ಟರ್‌ಗೆ ಮೊದಲು ಐವತ್ತೈದು ದಿನ, ಹೀಗೆ ವರ್ಷದಲ್ಲಿ ಹತ್ತಿರ ಅರ್ಧ ದಿನಗಳು ಮಾಂಸ, ಹಾಲು, ಬೆಣ್ಣೆ ಬಿಟ್ಟು ಬೇಳೆ, ಸೊಪ್ಪು, ಶಿರೊ ಉಣ್ಣುತ್ತಾರೆ. "ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಉಂಡದ್ದು ಅಮ್ಮನ ಉಪವಾಸದ ದಿನ ಮಾತ್ರ. ಅದಕ್ಕೆ ನನಗೆ ಉಪವಾಸ ಅಂದರೆ ಹಬ್ಬ" ಅಂದಿದ್ದರು.

ನಾವು ಮಾಂಸ ತಿನ್ನದವರು. ಹಾಗಾಗಿ ಬುಧವಾರ, ಶುಕ್ರವಾರ ಮೇಲಿನಿಂದ ಇಂಜೆರಾ ಬರುವುದು ರೂಢಿಯಾಯಿತು. ಹುಳಿ ಬಂದ ತೆಫ್ ಹಿಟ್ಟಿನ ದೊಡ್ಡ ದೋಸೆ ಅದು, ಒಂದೇ ಕಡೆ ಬೇಯಿಸಿದ್ದು. ನಮ್ಮ ಅತ್ತೆಯವರು ಇಲ್ಲಿಗೆ ಬಂದಿದ್ದಾಗ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ತಿರುವಿ ಹಾಕೂದು ಮರತಾರ" ಅಂದರು. ಅದನ್ನು ನಾನು ಗಾಶೆಯ ಹೆಂಡತಿಗೆ ಅನುವಾದಿಸಿ ಹೇಳಿದೆ. ಅವರು ಗಂಭೀರವಾಗಿ, ನೀವು ಕಾಯಲಾರದೆ ನಿಮ್ಮ ದೋಸೆಯನ್ನು ಹುಳಿ ಬರುವ ಮುಂಚೆಯೇ ಬೇಯಿಸುತ್ತೀರಿ ಎಂದು ಹೇಳಿ ಕಳಿಸಿದರು.

ಗಾಶೆಯ ಹೆಂಡತಿಯ ಬಗ್ಗೆ ಹೇಳಬೇಕು, ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಗಾಶೆಗಿಂತ ಹತ್ತು ವರ್ಷ ಚಿಕ್ಕವರು, ಉತ್ತರದ ತಿಗ್ರಾಯ್ ನಾಡಿನವರು, ಮಾತೃಭಾಷೆ ತಿಗ್ರಿನ್ಯಾ. ವೃದ್ಧಾಶ್ರಮದಲ್ಲಿ ಕೆಲಸ. ಮಾತು ಕಡಿಮೆ, ದೈವಭಕ್ತಿ ಹೆಚ್ಚು. ಭಾನುವಾರ ಬಿಳಿ ಹತ್ತಿಯ ಶಾಲು ಹೊದ್ದು ಫ್ರಾಂಕ್‌ಫರ್ಟ್ ಹತ್ತಿರದ ಚರ್ಚಿಗೆ ಹೋಗುವವರು. ಗಾಶೆ ಜೊತೆಗೆ ಹೋಗುತ್ತಿದ್ದರು, ಒಳಗೆ ಹೋಗುತ್ತಿರಲಿಲ್ಲ. ಪಕ್ಕದ ಹಾಲ್‌ನ ಅಡಿಗೆಮನೆಯಲ್ಲಿ ಕೂತು ಊಟಕ್ಕೆ ಈರುಳ್ಳಿ ಸುಲಿಯುತ್ತಿದ್ದರು. ರಂಜಾನ್‌ನಲ್ಲಿ ಮೊದಲ ದಿನ, ಕೊನೆಯ ದಿನ ಉಪವಾಸ ಇರುತ್ತಿದ್ದರು. ನಡುವಿನ ದಿನಗಳು ದೇವರಿಗೇ ಅರ್ಥವಾಗುತ್ತವೆ ಅನ್ನುತ್ತಿದ್ದರು.

ಒಂದು ಸಲ ನಾನು ಹುಮ್ಮಸ್ಸಿನಲ್ಲಿ, ನಿಮ್ಮ ಜನ ನಮ್ಮ ವಿಜಾಪುರದಲ್ಲಿ ಸುಲ್ತಾನರ ಕಾಲಕ್ಕೆ ದೊಡ್ಡ ಸರದಾರರಾಗಿದ್ದರು, ಅವರನ್ನು ಹಬ್ಶಿ ಅಂತಿದ್ದರು, ಅವರ ಕಡೆಯವರು ಇವತ್ತಿಗೂ ಕಾರವಾರದ ಕಾಡಿನ ಕಡೆ ಸಿದ್ದಿ ಜನ ಅನ್ನಿಸಿಕೊಂಡು ಇದ್ದಾರೆ, ಅಚ್ಚ ಕನ್ನಡ, ಕೊಂಕಣಿ ಮಾತಾಡುತ್ತಾರೆ ಎಂದೆಲ್ಲ ಹೇಳಿದೆ. ಅವರಿಗೆ ಹೆಮ್ಮೆಯಾಗುತ್ತದೆ ಅಂದುಕೊಂಡಿದ್ದೆ. ಆ ಜನ ಅಲ್ಲಿಗೆ ಹೇಗೆ ಬಂದರು ಎಂದು ಗಾಶೆ ಕೇಳಿದರು. ಬಹಳಷ್ಟು ಜನರನ್ನು ಗುಲಾಮರಾಗಿ ತಂದದ್ದು ಎಂದು ಹೇಳಲೇಬೇಕಾಯಿತು. ಗಾಶೆ ಗೋಡೆಯ ಮೇಲಿನ ನಕ್ಷೆಯ ಮೇಲೆ ಬೆರಳಿಟ್ಟು ಬೆಟ್ಟದಿಂದ ಕೆಂಪು ಸಮುದ್ರದವರೆಗೆ ನಿಧಾನವಾಗಿ ಇಳಿಸಿದರು. ನಮ್ಮಪ್ಪನ ಸಂತೆಯಂಥ ಸಂತೆಗಳನ್ನು ದಾಟಿಯೇ ಅವರು ಹೋಗಿರಬೇಕು, ಹಿಡಿದು ಮಾರಿದವರೂ ನಮ್ಮವರೇ ಅಂದರು. ಹದಿನೈದು ವರ್ಷ ಭೂಗೋಳ ಕಲಿಸಿದೆ, ಉಪ್ಪು ಹೋಗುವ ದಾರಿ ಹೇಳಿಕೊಟ್ಟೆ, ಈ ದಾರಿ ಹೇಳಲಿಲ್ಲ ಅಂದರು. ಮುಂದಿನ ವಾರ ಸಿದ್ದಿಗಳ ಬಗ್ಗೆ ಹತ್ತಾರು ಪ್ರಶ್ನೆ ಬರೆದುಕೊಂಡು ಕೆಳಗಿಳಿದು ಬಂದರು.

ಆಮೇಲೆ ಅವರ ದೇಶದ ಉತ್ತರದಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ತಿಗ್ರಾಯ್‌ನ ಪಡೆಗಳು, ಇನ್ನೊಂದು ಕಡೆ ಸರ್ಕಾರದ ಸೈನ್ಯ ಮತ್ತು ಅದರ ಜೊತೆಗಾರರು. ತಿಗ್ರಾಯ್‌ಗೆ ಫೋನು, ಇಂಟರ್ನೆಟ್ಟು, ಬ್ಯಾಂಕು ಎಲ್ಲ ಕಡಿದುಹೋಯಿತು. ಅಕ್ಕನ ತಾಯಿ ಅಲ್ಲಿನ ಹಳ್ಳಿಯಲ್ಲಿದ್ದರು, ಎಂಬತ್ತು ದಾಟಿದವರು. ಅಕ್ಕ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ಆ ನಂಬರಿಗೆ ಫೋನ್ ಹಚ್ಚುತ್ತಿದ್ದರು. ರಿಂಗೇ ಆಗುತ್ತಿರಲಿಲ್ಲ. ಅದು ಒಂದು ವರ್ಷವಲ್ಲ, ಅದಕ್ಕೂ ಮೀರಿ ನಡೆಯಿತು.

ನಡುವೆ ಯುದ್ಧ ದಕ್ಷಿಣಕ್ಕೆ ಸರಿದು ತಿಗ್ರಾಯ್ ಪಡೆಗಳು ದೆಸ್ಸಿಯನ್ನು ಹಿಡಿದವು. ಅಲ್ಲಿದ್ದ ಗಾಶೆಯ ಒಡಹುಟ್ಟಿದ ಅಕ್ಕ ಮನೆ ಬಿಟ್ಟು ಓಡಿಹೋಗಿ, ವಾಪಸ್ ಬಂದು, ತಮ್ಮನಿಗೆ ಫೋನ್ ಮಾಡಿದರು. ನಿನ್ನ ಹೆಂಡತಿಯ ಜನ ನನ್ನ ಬಾಗಿಲು ಒಡೆದು ಹಾಸಿಗೆ ಸಮೇತ ಹೊತ್ತುಕೊಂಡು ಹೋದರು ಅಂದರಂತೆ. ಗಾಶೆ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರೂ ಹೆಂಡತಿಗೆ ಕೇಳಿಸಿತು. ಅವತ್ತಿನಿಂದ ನಮ್ಮ ಮೇಲಿನ ಮನೆಯ ಅಕ್ಕ ಆ ನಾದಿನಿಯ ಜೊತೆ ಮಾತಾಡಲಿಲ್ಲ, ನಾದಿನಿಯೂ ಕೇಳಲಿಲ್ಲ. ಹೆಂಡತಿಯ ತಾಯಿಯ ಸೀಮೆಗೆ ದಿಗ್ಬಂಧನ ಹಾಕಿದವರು ಗಂಡನ ಜನ, ಗಂಡನ ಊರಿಗೆ ನುಗ್ಗಿದವರು ಹೆಂಡತಿಯ ಜನ. ಒಂದೇ ಮನೆಯಲ್ಲಿ ಎರಡೂ ಸುದ್ದಿ ನಡೆಯುತ್ತಿತ್ತು, ಬೇರೆ ಬೇರೆ ಕೋಣೆಗಳಲ್ಲಿ, ಸಣ್ಣ ದನಿಯಲ್ಲಿ. ಮೇಲಿನ ಹೆಜ್ಜೆ ಸಪ್ಪಳಗಳು ಒಂದು ಕಡೆ ಸೇರುವುದು ಕಡಿಮೆಯಾದದ್ದು ನಮಗೆ ಕೆಳಗೆ ಗೊತ್ತಾಗುತ್ತಿತ್ತು.

ಹೊರಗೂ ಅಷ್ಟೇ. ಅವರ ಜನರಲ್ಲಿ ಇದ್ದಿರ್ ಎಂಬ ಸಂಘ ಇರುತ್ತದೆ. ಒಬ್ಬರ ಮನೆಯಲ್ಲಿ ಸಾವಾದರೆ ಸಂಘದವರೆಲ್ಲ ಹೋಗಬೇಕು, ಹೆಣ ಹೊರಬೇಕು, ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಲು ಬಿಡದೆ ತಾವೇ ಅಡಿಗೆ ತಂದು, ದುಃಖದವರ ಜೊತೆ ಕೂಡಬೇಕು. ಯಾವ ಜನ, ಯಾವ ಧರ್ಮ ಎಂದು ಕೇಳುವಂತಿಲ್ಲ. ನಮ್ಮ ಸುತ್ತಮುತ್ತಲ ಊರುಗಳ ಇದ್ದಿರ್‌ಗೆ ಗಾಶೆ ಇಪ್ಪತ್ತು ವರ್ಷದಿಂದ ಕಾರ್ಯದರ್ಶಿ. ಯುದ್ಧ ಬಂದ ಮೇಲೆ ಚರ್ಚು ಎರಡಾಯಿತು, ಸಂಘವೂ ಎರಡಾಗಬೇಕೆಂದು ಜನ ಹಟ ಹಿಡಿದರು. ಅವರ ಹಳೆಯ ಗೆಳೆಯ, ತಿಗ್ರಾಯ್‌ನ ಒಬ್ಬ ಟ್ಯಾಕ್ಸಿ ಡ್ರೈವರ್, ನಿನ್ನ ಜನ ನಿನ್ನ ಅತ್ತೆಯನ್ನು ಉಪವಾಸ ಕೆಡವುತ್ತಿದ್ದಾರೆ, ನೀನು ಇನ್ನೂ ಪಟ್ಟಿ ಹಿಡಿದು ಓಡಾಡುತ್ತೀಯಾ ಎಂದು ಎಲ್ಲರೆದುರು ಕೇಳಿದ. ಅಮ್ಹಾರ ನಾಡಿನ ಗೊಂದರ್ ಊರಿನ ನರ್ಸ್ ಒಬ್ಬಳು, ನಿನ್ನ ಅಕ್ಕನ ಮನೆ ದೋಚಿದವರ ಜೊತೆ ನಾನು ಕೂಡುವುದಿಲ್ಲ ಅಂದಳು. ಗಾಶೆ ಹೆಸರುಗಳ ಪಟ್ಟಿಯನ್ನು ಎರಡು ಮಾಡಲಿಲ್ಲ. ಸಭೆಗೆ ಯಾರೂ ಬರದಿದ್ದರೂ ತಿಂಗಳಿಗೊಮ್ಮೆ ಹಾಲ್‌ನ ಬೀಗ ತೆಗೆದು, ಎರಡು ತಾಸು ಕೂತು, ಬೀಗ ಹಾಕಿಕೊಂಡು ಬರುತ್ತಿದ್ದರು. ಯಾಕೆ ಹೋಗುತ್ತೀರಿ ಎಂದು ನಮ್ಮ ಮನೆಯವರು ಒಮ್ಮೆ ಕೇಳಿದ್ದಕ್ಕೆ, ಟ್ರಾಮು ಖಾಲಿ ಇದ್ದರೂ ಹೊತ್ತಿಗೆ ಸರಿಯಾಗಿ ಹೊರಡಬೇಕಲ್ಲ ಅಂದರು.

ಒಪ್ಪಂದವಾಗಿ ಫೋನು ಮತ್ತೆ ಹತ್ತಿದಾಗ ಸುದ್ದಿ ಮೊದಲು ಬಂದದ್ದು ಗಾಶೆಗೆ. ಹೆಂಡತಿಯ ಕಡೆಯ ಒಬ್ಬ ದಾಯಾದಿ ಫೋನ್ ಮಾಡಿದ. ಅತ್ತೆ ತೀರಿಕೊಂಡು ಏಳು ತಿಂಗಳಾಗಿತ್ತು. ರಕ್ತದೊತ್ತಡದ ಮಾತ್ರೆ ಸಿಗಲಿಲ್ಲವಂತೆ.

ಅವತ್ತು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು ಕೋಟು ಬಿಚ್ಚದೆ ಕೂತರು. ಅವರ ದೇಶದಲ್ಲಿ ದೂರದ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ, ಒಬ್ಬರೇ ಹೇಳುವುದೂ ಇಲ್ಲ. ಬೆಳಗಿನ ಜಾವ, ಆ ಮನುಷ್ಯ ಎದ್ದು ಇನ್ನೂ ಏನೂ ತಿನ್ನುವ ಮುಂಚೆ, ಬೇಕಾದವರೆಲ್ಲ ಮನೆಗೆ ಬರುತ್ತಾರೆ. ಹಿರಿಯರೊಬ್ಬರು ಹೇಳುತ್ತಾರೆ. ಕೇಳಿದವರು ಬಿದ್ದರೆ ಹಿಡಿಯಲು ಸುತ್ತ ಕೈಗಳಿರುತ್ತವೆ. ಅದಕ್ಕೆ ಮೆರ್ದೊ ಅನ್ನುತ್ತಾರೆ. ಸುದ್ದಿ ಗೊತ್ತಿದ್ದೂ ಹಾಗೆ ಹೇಳದೆ ಇದ್ದರೆ ಅದು ಸತ್ತವರಿಗೆ ಅವಮಾನ. ಆದರೆ ಈಗ ಕರೆಯಲು ಯಾರಿದ್ದರು?

"ಹತ್ತು ಜನರನ್ನಾದರೂ ಕೇಳುತ್ತೇನೆ. ಯಾರೂ ಬರದಿದ್ದರೆ ನೀವಿಬ್ಬರು ಬರುತ್ತೀರಾ?" ಎಂದು ಕೇಳಿದರು.

ನಾವು ಹೂಂ ಅಂದೆವು. ನಾಲ್ಕು ದಿನ ಅವರು ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ ಇದ್ದು, ಹೆಂಡತಿ ಕೆಲಸಕ್ಕೆ ಹೋದ ಮೇಲೆ ಟ್ರಾಮು, ಟ್ರೇನು ಹತ್ತಿ ಮನೆಮನೆಗೆ ಹೋದರು. ಕೆಲವರು ಬಾಗಿಲು ತೆಗೆಯಲಿಲ್ಲ. ಟ್ಯಾಕ್ಸಿಯವನು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡು, ಬಾಗಿಲು ಹಾಕಿಕೊಂಡನಂತೆ. ನರ್ಸು ನೋಡೋಣ ಅಂದಳಂತೆ. ಆ ನಾಲ್ಕು ದಿನವೂ ಅಕ್ಕ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಆ ನಂಬರಿಗೆ ಫೋನ್ ಹಚ್ಚಿದರು. ಗಾಶೆ ಪಕ್ಕದಲ್ಲೇ ಕೂತು ನೋಡಬೇಕಾಯಿತು.

ಶನಿವಾರ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಮೇಲೆ ಹೋದೆವು. ಗಾಶೆ ಬಾಗಿಲನ್ನು ಬೆಲ್ ಆಗುವ ಮುಂಚೆಯೇ ತೆರೆದಿಟ್ಟಿದ್ದರು. ಹೊರಗೆ ಜನವರಿಯ ಮಂಜು. ಸೋಫಾದಲ್ಲಿ ಕೂತೆವು, ಕೋಟು ಹಾಕಿಕೊಂಡೇ. ಹತ್ತು ನಿಮಿಷ ಯಾರೂ ಬರಲಿಲ್ಲ. ಒಳಗೆ ಬಚ್ಚಲಿನಲ್ಲಿ ನೀರಿನ ಸಪ್ಪಳ ಕೇಳುತ್ತಿತ್ತು, ಅಕ್ಕ ಎದ್ದಿದ್ದರು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಟ್ಯಾಕ್ಸಿಯವನು ಬಂದ, ಜೊತೆಗೆ ಇನ್ನೂ ಮೂವರು. ಗಾಶೆಯ ಮುಖ ನೋಡದೆ ಗೋಡೆಗೆ ಒರಗಿ ನಿಂತರು. ಐದು ನಿಮಿಷದ ಮೇಲೆ ಗೊಂದರಿನ ನರ್ಸು ನೈಟ್ ಡ್ಯೂಟಿಯ ಬಟ್ಟೆಯಲ್ಲೇ ಬಂದಳು, ಹಿಂದೆ ಇಬ್ಬರು ಹೆಂಗಸರು. ಅವರು ಎದುರಿನ ಗೋಡೆಯ ಕಡೆ ನಿಂತರು. ನಡುವೆ ಸೋಫಾದಲ್ಲಿ ವಿಜಾಪುರದ ನಾವಿಬ್ಬರು.

ಅಕ್ಕ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಕೋಣೆ ತುಂಬ ಕೋಟು ಹಾಕಿಕೊಂಡು ನಿಂತ ಜನರನ್ನು ನೋಡಿದರು. ಅಷ್ಟು ಸಾಕಾಯಿತು.

"ಯಾರು?" ಎಂದು ಕೇಳಿದರು. ಆ ತಿಗ್ರಿನ್ಯಾ ಶಬ್ದ ನನಗೆ ಬರುವುದಿಲ್ಲ, ಆದರೆ ಬೇರೇನೂ ಕೇಳಿರಲು ಸಾಧ್ಯವಿಲ್ಲ.

ಟ್ಯಾಕ್ಸಿಯವನು ಒಂದು ಹೆಜ್ಜೆ ಮುಂದೆ ಬಂದು, ಟೋಪಿ ತೆಗೆದು, ಅವರ ಊರಿನ ಭಾಷೆಯಲ್ಲಿ ಎರಡೇ ಮಾತು ಹೇಳಿದ. ಅಕ್ಕ ಬಿದ್ದರು. ಅವರನ್ನು ಹಿಡಿದದ್ದು ಅವನಲ್ಲ, ಗಾಶೆಯಲ್ಲ, ನಾನೂ ಅಲ್ಲ. ಆ ನರ್ಸು ಕೋಣೆಯನ್ನು ಹೇಗೆ ದಾಟಿದಳೋ ಗೊತ್ತಿಲ್ಲ, ನಾನು ಏಳುವಷ್ಟರಲ್ಲಿ ಅವಳು ನೆಲದ ಮೇಲೆ ಕೂತು ಅಕ್ಕನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು. ಇಬ್ಬರೂ ಒಟ್ಟಿಗೆ ಅಳುತ್ತಿದ್ದರು. ಉಳಿದವರೂ ಅತ್ತರು, ಗಂಡಸರು ದನಿ ತೆಗೆದೇ ಅತ್ತರು. ಯಾರ್ಯಾರು ಯಾರ್ಯಾರಿಗಾಗಿ ಅತ್ತರೋ. ಅಷ್ಟು ಸಾವುಗಳನ್ನು ಅವರೆಲ್ಲ ಬೇರೆ ಬೇರೆ ಮನೆಗಳಲ್ಲಿ ಇಟ್ಟುಕೊಂಡಿದ್ದರು. ನೆಲಮಹಡಿಯ ಅಜ್ಜಿ ಗದ್ದಲ ಕೇಳಿ ಮೇಲೆ ಬಂದವಳು, ಬಾಗಿಲಲ್ಲಿ ನಿಂತು ನೋಡಿ, ಹೋಗಿ ಒಂದು ಕೇಕು ತಂದು ಅಡಿಗೆಮನೆಯಲ್ಲಿಟ್ಟು ಹೋದಳು.

ಗಾಶೆ ಅಡಿಗೆಮನೆಯಲ್ಲಿ ಕಾಫಿಬೀಜ ಹುರಿಯುತ್ತಿದ್ದರು. ಅವರಲ್ಲಿ ಅದು ಹೆಂಗಸರ ಕೆಲಸ. ಅವರಿಗೆ ಅಭ್ಯಾಸವಿಲ್ಲದೆ ಬೀಜ ಸೀದು ಹೊಗೆಯೆದ್ದಿತ್ತು. ನಾನು ಬಾಣಲೆ ಇಸಿದುಕೊಳ್ಳಲು ಹೋದಾಗ ಬಿಡಲಿಲ್ಲ. ಎಷ್ಟು ಜನ ಬಂದರು ಎಂದು ಕೇಳಿದರು. ಏಳು ಅಂದೆ. ನಾಲ್ಕೂ ಮೂರೂ ಎಂದು ತಾವೇ ಹೇಳಿಕೊಂಡು, ಅದೇ ಸೀದ ಕಾಫಿ ಮಾಡಿ ಎಲ್ಲರಿಗೂ ಕೊಟ್ಟರು. ಎಲ್ಲರೂ ಕುಡಿದರು.

ಸಂಘ ಪೂರ್ತಿ ಒಂದಾಯಿತು ಎಂದು ಹೇಳಲಾರೆ. ಚರ್ಚು ಇವತ್ತಿಗೂ ಎರಡೇ. ಆ ಏಳು ಜನ ಮಾತ್ರ ಮೂರು ದಿನ ಬಂದರು, ಆಮೇಲೆ ತಿಂಗಳಿಗೊಮ್ಮೆ ಹಾಲ್‌ಗೂ ಬರತೊಡಗಿದರು. ಮೇಲಿನ ಮನೆಯಲ್ಲಿ ಹೆಜ್ಜೆಗಳು ನಿಧಾನವಾಗಿ ಮತ್ತೆ ಒಂದೇ ಕೋಣೆಗೆ ಬಂದವು. ಆದರೆ ದೆಸ್ಸಿಯ ನಾದಿನಿಯ ವಿಷಯದಲ್ಲಿ ಅಕ್ಕ ಕರಗಲಿಲ್ಲ. ಗಾಶೆ ಆಕೆಗೆ ಫೋನ್ ಮಾಡುವಾಗ ಇವರು ಎದ್ದು ಒಳಗೆ ಹೋಗುತ್ತಿದ್ದರು.

ಏಪ್ರಿಲ್‌ನಲ್ಲಿ, ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಕೂತಲ್ಲೇ ಗಾಶೆಯ ಹೃದಯ ನಿಂತಿತು. ಸ್ಮಶಾನದ ಆಫೀಸಿನಲ್ಲಿ ಧರ್ಮ ಯಾವುದು ಎಂದು ಫಾರ್ಮಿನಲ್ಲಿ ಕೇಳಿದ್ದರು. ಅಕ್ಕ ಪೆನ್ನು ಹಿಡಿದು ಕೂತು, ಕೊನೆಗೆ ಎರಡೂ ಬರೆದರು. ಅಲ್ಲಿ ಕೂತಿದ್ದ ಜರ್ಮನ್ ಹುಡುಗಿ 'ಒಂದೇ ಬರೆಯಬೇಕು' ಅಂದಾಗ, ಹಾಗಾದರೆ ನೀವೇ ಆರಿಸಿ ಎಂದು ಪೆನ್ನನ್ನು ಅವಳ ಕೈಗೆ ಕೊಟ್ಟರು. ಅವಳು ಆ ಜಾಗ ಖಾಲಿ ಬಿಟ್ಟಳು. ಪಾದ್ರಿಯೊಬ್ಬರು ಪ್ರಾರ್ಥನೆ ಮಾಡಿದರು. ಅಪ್ಪನ ಕಡೆಯ ಒಬ್ಬ ನೆಂಟ ಮಾನ್‌ಹೈಮ್‌ನಿಂದ ಬಂದು, ಅಂಗೈ ಬಿಚ್ಚಿ, ಫಾತಿಹಾ ಓದಿದ. ಅಂದು ಇದ್ದಿರ್‌ನವರು ಏಳಕ್ಕಿಂತ ಬಹಳ ಜನ ಇದ್ದರು.

ಅದರ ಹಿಂದಿನ ದಿನವೇ ಅಕ್ಕ ನನ್ನನ್ನು ಮೇಲೆ ಕರೆದಿದ್ದರು. ಒಬ್ಬರೇ ಇರಲು ಆಗದೆ ಕರೆದಿದ್ದಾರೆ ಅಂದುಕೊಂಡು ಹೋದೆ. ಅವರು ಗಾಶೆಯ ಫೋನು ತೆಗೆದು ದೆಸ್ಸಿಯ ನಂಬರುಗಳನ್ನು ಹುಡುಕುತ್ತಿದ್ದರು. ನಾದಿನಿಯ ನಂಬರಿಗೆ ಮಾಡಲಿಲ್ಲ. ಆಕೆಯ ಪಕ್ಕದ ಮನೆಯವರು, ಮಸೀದಿಯ ಹಿರಿಯರು, ಓಣಿಯ ಅಂಗಡಿಯವನು, ಹೀಗೆ ಒಬ್ಬೊಬ್ಬರಿಗೆ ಫೋನ್ ಮಾಡಿದರು. ತಿಗ್ರಿನ್ಯಾದ ಎಳೆತ ಬರದ ಹಾಗೆ ಅಮ್ಹಾರಿಕ್ ಮಾತನ್ನು ಜೋಪಾನವಾಗಿ ಆಡಿದರು. ಆದರೂ ಗೊತ್ತಾಗುತ್ತದೆಯಂತೆ, ಒಬ್ಬರು ಫೋನ್ ಇಟ್ಟೇಬಿಟ್ಟರು. ಮತ್ತೆ ಮಾಡಿದರು. ಏನು ಹೇಳಿದಿರಿ ಎಂದು ಆಮೇಲೆ ಕೇಳಿದೆ. ನಾಳೆ ಬೆಳಗಿನ ಜಾವ ಹೋಗಿ, ಒಬ್ಬಿಬ್ಬರು ಹೋಗಬೇಡಿ, ತುಂಬ ಜನ ಹೋಗಿ, ಆಕೆಗೆ ಮಂಡಿನೋವು, ಹೇಳುವ ಮೊದಲು ಕೂಡಿಸಿ ಎಂದು ಹೇಳಿದೆ ಅಂದರು.

ಮಣ್ಣು ಮಾಡಿ ಬಂದ ಸಂಜೆ ದೆಸ್ಸಿಯಿಂದ ಫೋನ್ ಬಂತು. ಅಕ್ಕ ನಾದಿನಿಯ ನಂಬರು ನೋಡಿ, ಫೋನನ್ನು ನಾಲ್ಕಾರು ಸಲ ಬಡಿದುಕೊಳ್ಳಲು ಬಿಟ್ಟು, ಎತ್ತಿಕೊಂಡರು. ಆ ಕಡೆಯಿಂದ ಮೊದಲು ಅಳುವೇ ಕೇಳಿತು. ಇವರೂ ಅತ್ತರು. ನಡುವೆ ಆ ಮುದುಕಿ ಒಂದು ಮಾತು ಕೇಳಿದರು. ಅಕ್ಕ ಸುತ್ತ ತಿರುಗಿ ನೋಡಿದರು: ನೆಲದ ಮೇಲೆ ಕೂತ ಟ್ಯಾಕ್ಸಿಯವನು, ಪಾತ್ರೆ ತೊಳೆಯುತ್ತಿದ್ದ ನರ್ಸು, ನಾನು, ನಮ್ಮ ಮನೆಯವರು, ಬಾಗಿಲಲ್ಲಿ ಅನು. ಒಂದೇ ಶಬ್ದದಲ್ಲಿ ಉತ್ತರ ಹೇಳಿದರು.

ಏನು ಕೇಳಿದರು ಎಂದು ಫೋನ್ ಇಟ್ಟ ಮೇಲೆ ನನಗೆ ಹೇಳಿದರು.

"ನಿನ್ನ ಜೊತೆ ಜನ ಇದ್ದಾರಾ ಅಂತ ಕೇಳಿದಳು. ಇದ್ದಾರೆ ಅಂದೆ."